ಎಂಟು ವರ್ಷ, ಮೂರು ಹಳೆ ಲೆನ್ಸು: ಗಾಜಿಗೆ ಫುಲ್ ಮಾರ್ಕ್ಸ್, ಶಟರ್ ಜಸ್ಟ್ ಪಾಸ್

ನನ್ನದು ಫೋರ್ ಬೈ ಫೈವ್ ಫೀಲ್ಡ್ ಕ್ಯಾಮೆರಾ. ನಾಲ್ಕಿಂಚು-ಐದಿಂಚಿನ ಒಂದೊಂದೇ ಹಾಳೆ ಫಿಲ್ಮ್ ಹಾಕಬೇಕು, ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು ಗ್ರೌಂಡ್ ಗ್ಲಾಸಿನ ಮೇಲೆ ತಲೆಕೆಳಗಾದ ಚಿತ್ರ ನೋಡುತ್ತಾ ಫೋಕಸ್ ಮಾಡಬೇಕು. ದಾರಿಯಲ್ಲಿ ಹೋಗುವವರು ನಿಂತು ‘ಸರ್ವೆ ಮಾಡ್ತಿದೀರಾ ಸಾರ್?’ ಎಂದು ಕೇಳುತ್ತಾರೆ. ಅದಕ್ಕೆ 2017ರಿಂದ ಮೂರು ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಂಡಿದ್ದೇನೆ. ಶ್ನೈಡರ್ ಸಿಮ್ಮಾರ್ 150 ಎಂಎಂ, ಕೊಡಾಕ್ ಎಕ್ಟಾರ್ 203 ಎಂಎಂ, ಮಲೆನಾಡಿನ ಒಂದು ಸ್ಟುಡಿಯೋದಿಂದ ಸಿಕ್ಕ ಕಾರ್ಲ್ ಜೈಸ್ ಯೇನಾ ಟೆಸ್ಸಾರ್ 21 ಸೆಂ.ಮೀ. ಮೂರರಲ್ಲಿ ಯಾವುದೂ ವಯಸ್ಸಿನಲ್ಲಿ ನನಗಿಂತ ಚಿಕ್ಕದಲ್ಲ.

ಮೂರರ ಗಾಜೂ ಇವತ್ತಿಗೂ ಬಂಗಾರ. ದುಡ್ಡು, ರಜೆ, ತಾಳ್ಮೆ ಹೋದದ್ದೆಲ್ಲ ಬೆಳಕಿಗೆ ಬಾಗಿಲು ತೆರೆದು ಮುಚ್ಚುವ ಶಟರ್‌ಗೆ, ರಿಂಗಿಗೆ, ಬೋರ್ಡಿಗೆ. ಲೆನ್ಸ್ ಮಾರುವವರೆಲ್ಲ ಗಾಜಿನ ಫೋಟೋ ಹತ್ತು ಹಾಕುತ್ತಾರೆ, ಶಟರ್ ಬಗ್ಗೆ ಒಂದೇ ಸಾಲು: ‘ಕೆಲಸ ಮಾಡುತ್ತದೆ’. ಆ ಒಂದು ಸಾಲನ್ನು ನಂಬಿ ನಾನು ಕಲಿತದ್ದೇ ಈ ವಿಮರ್ಶೆ.

ಮೊದಲು ಸಿಮ್ಮಾರ್. ವಿದೇಶದ ಒಬ್ಬ ಮಾರಾಟಗಾರರಿಂದ ತರಿಸಿದೆ. ಸುಂಕ, ಕೊರಿಯರ್ ಎಲ್ಲ ಸೇರಿ ಕೈಗೆ ಬರುವಷ್ಟರಲ್ಲಿ ಹದಿನೈದು ಸಾವಿರ ದಾಟಿತ್ತು. ಡಬ್ಬ ಬಿಚ್ಚಿ ನೋಡಿದರೆ ಗಾಜು ಕೊಳದ ನೀರಿನ ಹಾಗೆ ತಿಳಿಯಾಗಿತ್ತು. ಒಳಗಿನ ಕಪ್ಪು ಬಣ್ಣದ ಅಂಚಿನಲ್ಲಿ ಮಾತ್ರ ಬಿಳಿ ಚುಕ್ಕೆಗಳು. ಇದು ಶ್ನೈಡರ್ ಲೆನ್ಸುಗಳಿಗೆ ವಯಸ್ಸಾದಂತೆ ಬರುವ ಮಚ್ಚೆ. ಬಲ್ಲವರು ತಮಾಷೆಗೆ ‘ಶ್ನೈಡರೈಟಿಸ್’ ಅನ್ನುತ್ತಾರೆ. ಬಣ್ಣ ಗಾಜನ್ನು ಬಿಟ್ಟುಕೊಂಡಿರುತ್ತದೆ ಅಷ್ಟೇ, ಚಿತ್ರಕ್ಕೆ ಏನೂ ಆಗುವುದಿಲ್ಲ. ಇದನ್ನು ತೋರಿಸಿ ಚೌಕಾಸಿ ಮಾಡಿ, ಹೆದರಬೇಡಿ.

ಹೆದರಬೇಕಾದದ್ದು ಬೇರೆ ಇತ್ತು. ಲೆನ್ಸನ್ನು ಮರದ ಬೋರ್ಡಿಗೆ ಹಿಡಿದಿಡುವುದು ಹಿಂದಿನಿಂದ ತಿರುಗಿಸುವ ಒಂದು ತೆಳು ಲೋಹದ ರಿಂಗ್. ಅದೇ ಇರಲಿಲ್ಲ! ಮಾರಿದವರಿಗೆ ಬರೆದರೆ ‘ಫೋಟೋದಲ್ಲಿ ರಿಂಗ್ ತೋರಿಸಿರಲಿಲ್ಲವಲ್ಲ’ ಎಂಬ ಉತ್ತರ ಬಂತು. ನಿಜ, ತೋರಿಸಿರಲಿಲ್ಲ. ಕೊನೆಗೆ ಪೀಣ್ಯದ ಒಂದು ಲೇತ್ ಅಂಗಡಿಗೆ ಶಟರನ್ನೇ ಹೊತ್ತುಕೊಂಡು ಹೋದೆ. ವರ್ನಿಯರ್ ಹಿಡಿದು ಅಳೆದ ಹುಡುಗ ‘ಅಣ್ಣ, ಥ್ರೆಡ್ ತುಂಬಾ ಫೈನ್ ಇದೆ, ಹಿತ್ತಾಳೇಲಿ ಮಾಡಣ, ಅಲ್ಯೂಮಿನಿಯಂ ಕಚ್ಕೊಂಬಿಡುತ್ತೆ’ ಎಂದ. ಎರಡನೇ ಪ್ರಯತ್ನಕ್ಕೆ ಸರಿಯಾಗಿ ಕೂತಿತು. ಮುನ್ನೂರೈವತ್ತು ರೂಪಾಯಿ. ಎಂಟು ವರ್ಷ ಆಯಿತು, ಅಲುಗಿಲ್ಲ.

ಈಚಿನ ಕೋಪಾಲ್ ಶಟರ್ ಇರುವ ಲೆನ್ಸ್ ಆದರೆ ಇಷ್ಟು ತಲೆಬಿಸಿ ಇಲ್ಲ. ಕೋಪಾಲ್ ಸೊನ್ನೆ ನಂಬರಿನ ಸೈಜಿಗೆ ಬೋರ್ಡಿನ ತೂತು 34.6 ಮಿ.ಮೀ., ಒಂದಕ್ಕೆ 41.6, ಮೂರಕ್ಕೆ 65. ಎಲ್ಲರಿಗೂ ಗೊತ್ತಿರುವ ಅಳತೆ. ಹಳೆ ಶಟರ್‌ಗಳದ್ದು ಒಂದೊಂದಕ್ಕೆ ಒಂದೊಂದು ಲೆಕ್ಕ. ಕೋಪಾಲ್ ಕೂಡ ಈಗ ತಯಾರಾಗುತ್ತಿಲ್ಲ ಅನ್ನುವುದು ಬೇರೆ ಮಾತು.

ಲೆನ್ಸ್ ಹೇಗಿದೆ ಅಂದರೆ, ಎಫ್ 22ರಲ್ಲಿ (ಎಫ್ ನಂಬರ್ ಹೆಚ್ಚಿದಷ್ಟೂ ಬೆಳಕಿನ ಕಿಂಡಿ ಚಿಕ್ಕದು) ಸಿಮ್ಮಾರ್ ಬೀರುವ ಬೆಳಕಿನ ವೃತ್ತ ಸುಮಾರು 210 ಮಿ.ಮೀ. ನಮ್ಮ ಫಿಲ್ಮಿನ ಕರ್ಣ 160ರ ಆಸುಪಾಸು. ಉಳಿದ ಜಾಗವೇ ನಮಗೆ ಆಟದ ಮೈದಾನ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಮುಂದೆ ನಿಂತು ಕ್ಯಾಮೆರಾ ಮೇಲಕ್ಕೆ ಬಗ್ಗಿಸದೆ, ಲೆನ್ಸ್ ಬೋರ್ಡನ್ನಷ್ಟೇ ಮೇಲಕ್ಕೆ ಜಾರಿಸಿ ಪೂರ್ತಿ ಎತ್ತರ ಹಿಡಿದಿದ್ದೇನೆ. ಗೋಡೆಗಳು ಹಿಂದಕ್ಕೆ ವಾಲಲಿಲ್ಲ, ಮೂಲೆಗಳು ಕಪ್ಪಾಗಲಿಲ್ಲ.

ಈ ಸಿಮ್ಮಾರ್ ‘ಕನ್ವರ್ಟಿಬಲ್’ ಬೇರೆ. ಮುಂದಿನ ಗಾಜಿನ ಭಾಗ ಬಿಚ್ಚಿಟ್ಟರೆ ಹಿಂದಿನದೊಂದೇ 265 ಎಂಎಂ, ಎಫ್ 12ರ ಲೆನ್ಸ್ ಆಗುತ್ತದೆ. ಒಂದಕ್ಕೊಂದು ಫ್ರೀ ಅಂತ ಮೊದಲ ತಿಂಗಳು ಕುಣಿದಾಡಿದ್ದೆ. ಕ್ಯಾಮೆರಾದ ಮಡಿಕೆ ಮಡಿಕೆ ಚೀಲವನ್ನು, ಅಂದರೆ ಬೆಲ್ಲೋಸನ್ನು, 300 ಮಿ.ಮೀ. ಹತ್ತಿರ ಎಳೆಯಬೇಕು, ಗಾಳಿ ಬಂದರೆ ಇಡೀ ಕ್ಯಾಮೆರಾ ತೂಗುತ್ತದೆ. ಎಫ್ 12ರಲ್ಲಿ ಫೋಕಸ್ ಮಾಡಿ 32ಕ್ಕೆ ಇಳಿಸಿದರೆ ಫೋಕಸ್ ಜರುಗಿರುತ್ತದೆ, ಹಾಗಾಗಿ ಕತ್ತಲೆ ಗಾಜಿನಲ್ಲೇ, ಇಳಿಸಿದ ಮೇಲೆಯೇ ಫೋಕಸ್ ಮಾಡಬೇಕು. ಹಳದಿ ಫಿಲ್ಟರ್ ಹಾಕಿದರೆ ಸ್ವಲ್ಪ ಸುಧಾರಿಸುತ್ತದೆ. ಎಂಟು ವರ್ಷದಲ್ಲಿ ಹಾಗೆ ತೆಗೆದ ನೆಗೆಟಿವ್ ಹತ್ತೂ ಇಲ್ಲ. ‘ಎರಡು ಲೆನ್ಸ್ ಒಂದರಲ್ಲೇ’ ಎಂದು ಯಾರಾದರೂ ಹೆಚ್ಚು ಬೆಲೆ ಹೇಳಿದರೆ ನಕ್ಕು ಮುಂದೆ ಹೋಗಿ.

ಇನ್ನು ಇದರ ಸಿಂಕ್ರೋ ಕಾಂಪುರ್ ಶಟರ್. ಇಂಥ ದೊಡ್ಡ ಹಾಳೆಯ ಲಾರ್ಜ್ ಫಾರ್ಮ್ಯಾಟ್‌ನಲ್ಲಿ ಸೆಕೆಂಡಿನ 1/500 ವೇಗ ಯಾರಿಗೆ ಬೇಕು? ಐಎಸ್ಒ 125ರ ಫಿಲ್ಮ್, ಎಫ್ 22 ಎಂದರೆ ಸುಡುಬಿಸಿಲಲ್ಲೇ 1/60. ಹಳದಿ ಫಿಲ್ಟರ್ ಹಾಕಿ ಮರದ ನೆರಳಿಗೆ ಬಂದರೆ 1/4, 1/2, ಒಂದು ಸೆಕೆಂಡ್. ಅಂದರೆ ನಮಗೆ ದಿನವೂ ಬೇಕಾಗುವುದು ನಿಧಾನದ ವೇಗಗಳು, ಹಳೆ ಶಟರ್‌ನಲ್ಲಿ ಮೊದಲು ಕೈಕೊಡುವುದೂ ಅವೇ. ಒಳಗಿನ ಪುಟ್ಟ ಗೇರುಗಳ ಮೇಲಿನ ಗ್ರೀಸು ಒಣಗಿ ಅಂಟಾಗಿರುತ್ತದೆ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಇದ್ದರೆ ಸಾಕು. ಲೆನ್ಸಿನ ಹಿಂದೆ ಬಿಳಿ ಗೋಡೆ ಅಥವಾ ಕಿಟಕಿ, ಮುಂದೆ ಫೋನು. ಶಟರ್ ಹೊಡೆದು, ಆಮೇಲೆ ಒಂದೊಂದೇ ಫ್ರೇಮ್ ಸರಿಸುತ್ತಾ ಬೆಳಕು ಕಂಡ ಫ್ರೇಮುಗಳನ್ನು ಎಣಿಸಿ. ಒಂದು ಸೆಕೆಂಡಿಗೆ 240 ಬರಬೇಕು, 1/15ಕ್ಕೆ 16. ನನ್ನದರಲ್ಲಿ ಬಂದದ್ದು 340 ಮತ್ತು 22. ಅಂದರೆ ಎಲ್ಲವೂ ಅರ್ಧ ಸ್ಟಾಪ್ ಹೆಚ್ಚು (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು). ಕಪ್ಪು-ಬಿಳುಪು ನೆಗೆಟಿವ್ ಇಷ್ಟನ್ನು ಸಹಿಸಿಕೊಳ್ಳುತ್ತದೆ, ಎರಡು ವರ್ಷ ಬೋರ್ಡಿನ ಹಿಂದೆ ಚೀಟಿ ಅಂಟಿಸಿಕೊಂಡು ತಳ್ಳಿದೆ. 1/60ಕ್ಕೆ ನಾಲ್ಕೇ ಫ್ರೇಮ್ ಸಿಗುವುದರಿಂದ ಅದಕ್ಕಿಂತ ಮೇಲಿನ ವೇಗಕ್ಕೆ ಈ ಲೆಕ್ಕ ನಂಬಬೇಡಿ.

ಮೂರನೇ ವರ್ಷ ಚಳಿಗಾಲದ ಒಂದು ಬೆಳಿಗ್ಗೆ ಮೇಲುಕೋಟೆಯ ಕಲ್ಯಾಣಿ ಎದುರು ಒಂದು ಸೆಕೆಂಡಿಗಿಟ್ಟು ಒತ್ತಿದೆ. ಶಟರ್ ‘ಜ್ಜ್ಜ್’ ಎಂದು ಶುರುಮಾಡಿ ಅರ್ಧಕ್ಕೆ ನಿಂತುಬಿಟ್ಟಿತು. ಬಾಯಿ ಬಿಟ್ಟುಕೊಂಡೇ ಇತ್ತು.

ಕ್ಯಾಮೆರಾ ರಿಪೇರಿಯವರು ಒಬ್ಬಿಬ್ಬರು ನೋಡಿ ಕೈಚೆಲ್ಲಿದರು. ಕೊನೆಗೆ ಅವೆನ್ಯೂ ರಸ್ತೆಯ ಗಲ್ಲಿಯಲ್ಲಿ, ಎಚ್‌ಎಂಟಿ ವಾಚು ಬಿಚ್ಚಿ ಜೋಡಿಸುತ್ತಲೇ ಕೂದಲು ಬೆಳ್ಳಗಾದ ಒಬ್ಬರ ಮುಂದೆ ಇಟ್ಟೆ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಐದು ನಿಮಿಷ ಮಾತಿಲ್ಲ. ಆಮೇಲೆ, ‘ಇದೂ ವಾಚೇ ಸಾರ್. ಮುಳ್ಳಿಲ್ಲ ಅಷ್ಟೇ.’ ಮುಂದಿನ ಗಾಜು ತಿರುಗಿಸಿ ತೆಗೆದಾಗ ಕೂದಲೆಳೆಯಷ್ಟು ತೆಳುವಾದ ಒಂದು ಹಿತ್ತಾಳೆ ಬಳೆ ಜಾರಿ ಅವರ ಗಾಜಿನ ಮೇಜಿನ ಮೇಲೆ ಬಿತ್ತು. ನಾನು ಏನೋ ಮುರಿಯಿತು ಅಂದುಕೊಂಡೆ. ಅವರು ಚಿಮಟದಲ್ಲಿ ಎತ್ತಿ ಒಂದು ಬಾಟಲಿ ಮುಚ್ಚಳದಲ್ಲಿಟ್ಟು, ‘ಇದನ್ನ ಕಳ್ಕೊಂಡ್ರೆ ಅಳತೆ ತಪ್ಪುತ್ತೆ’ ಎಂದರು. ಲೆನ್ಸ್ ಬಗ್ಗೆ ಏನೂ ಗೊತ್ತಿಲ್ಲದವರು! ಅದು ಶಿಮ್. ಎರಡು ಗಾಜಿನ ಭಾಗಗಳ ನಡುವಿನ ಅಂತರ ಸರಿಪಡಿಸಲು ಕಾರ್ಖಾನೆಯವರೇ ಇಡುವ ಬಳೆ. ಅದಿಲ್ಲದೆ ಮಾರಾಟವಾಗುವ ಎಷ್ಟು ಲೆನ್ಸುಗಳು ‘ಈ ಮಾಡೆಲ್ ಶಾರ್ಪ್ ಇಲ್ಲ’ ಎಂದು ಬೈಸಿಕೊಂಡಿವೆಯೋ.

ಗೇರುಗಳ ಗುಚ್ಛವನ್ನು ನಾಫ್ತಾದಲ್ಲಿ ತೊಳೆದು ಒಣಗಿಸಿ, ಸೂಜಿಮೊನೆಯಷ್ಟು ವಾಚ್ ಎಣ್ಣೆ ಎರಡು ಮೂರು ಕಡೆ ಮುಟ್ಟಿಸಿದರು. ಬ್ಲೇಡುಗಳಿಗೆ ಎಣ್ಣೆ ಸೋಕಿಸಲೇ ಇಲ್ಲ. ಮನೆಗೆ ಬಂದು ಎಣಿಸಿದರೆ ಒಂದು ಸೆಕೆಂಡಿಗೆ 255 ಫ್ರೇಮ್. ತೆಗೆದುಕೊಂಡದ್ದು ಆರುನೂರು ರೂಪಾಯಿ. ಆವತ್ತಿನಿಂದ ತಿಂಗಳಿಗೊಮ್ಮೆ ಟಿವಿ ನೋಡುತ್ತಾ ಎಲ್ಲ ವೇಗಗಳಲ್ಲೂ ಹತ್ತತ್ತು ಸಲ ಶಟರ್ ಹೊಡೆಯುತ್ತೇನೆ. ಮನೆಯವರಿಗೆ ಅಭ್ಯಾಸವಾಗಿದೆ.

ಎಕ್ಟಾರ್ 203 ಎಂಎಂ ಬಗ್ಗೆ ಹೆಚ್ಚು ಹೇಳುವುದಿಲ್ಲ, ದೂರು ಕಡಿಮೆ ಇರುವ ವಸ್ತುವಿನ ಬಗ್ಗೆ ಮಾತೂ ಕಡಿಮೆ. ಎಫ್ 7.7, ಹಾಗಾಗಿ ಗ್ರೌಂಡ್ ಗ್ಲಾಸ್ ಮಬ್ಬು. ಆದರೆ ಬೆಟ್ಟ ಹತ್ತುವಾಗ ಜೇಬಿನಲ್ಲಿ ಹಾಕಿಕೊಳ್ಳುವಷ್ಟು ಚಿಕ್ಕದು. ಕೊಡಾಕ್‌ನವರ ಒಂದು ಜಾಣತನ ಮಾತ್ರ ಹೇಳಲೇಬೇಕು. ಎಕ್ಟಾರ್‌ಗಳ ಸೀರಿಯಲ್ ನಂಬರಿನ ಮುಂದೆ ಎರಡು ಅಕ್ಷರ ಇರುತ್ತವೆ. ‘ಕ್ಯಾಮೆರಾಸಿಟಿ’ (CAMEROSITY) ಎಂಬ ಹತ್ತಕ್ಷರದ ಇಂಗ್ಲಿಷ್ ಪದದ ಸಿ ಅಂದರೆ 1, ಎ ಅಂದರೆ 2, ಹೀಗೆ ಕೊನೆಯ ವೈ ಅಂದರೆ ಸೊನ್ನೆ. ನನ್ನದರ ಮೇಲೆ ಇ, ಐ ಇವೆ. ಅಂದರೆ 48, 1948ರದ್ದು. ಪಕ್ಕದಲ್ಲಿ ವೃತ್ತದೊಳಗೆ ಎಲ್ ಇದ್ದರೆ ಗಾಜಿಗೆ ಪ್ರತಿಫಲನ ತಗ್ಗಿಸುವ ಕೋಟಿಂಗ್ ಇದೆ ಎಂದರ್ಥ. ಮಾರುವವರು ‘ಎಪ್ಪತ್ತರ ದಶಕದ್ದು’ ಅಂದರೂ ಲೆನ್ಸು ತನ್ನ ವಯಸ್ಸು ತಾನೇ ಹೇಳುತ್ತದೆ.

ಟೆಸ್ಸಾರ್ ಕಥೆ ಬೇರೆ. ಊರಿಗೆ ಹೋದಾಗ ನಮ್ಮ ಕಡೆಯ ಪೇಟೆಯಲ್ಲಿ ಒಂದು ಹಳೆ ಸ್ಟುಡಿಯೋ ಮುಚ್ಚುತ್ತಿದೆ ಎಂದು ತಿಳಿಯಿತು. ಒಳಗೆ ತೇಗದ ಮರ, ಹಿತ್ತಾಳೆ ಕೀಲುಗಳ ವಾಗೀಶ್ವರಿ ಕ್ಯಾಮೆರಾ ಇತ್ತು. ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ಇದು ಒಂದು ಕಾಲಕ್ಕೆ ನಮ್ಮ ಊರೂರ ಸ್ಟುಡಿಯೋಗಳ ಎತ್ತಿನ ಗಾಡಿ. ಕ್ಯಾಮೆರಾ ಕೊಡಲು ಯಜಮಾನರಿಗೆ ಮನಸ್ಸಿರಲಿಲ್ಲ, ಮೊಮ್ಮಗ ಶೋಕೇಸಿನಲ್ಲಿ ಇಡುತ್ತಾನಂತೆ. ಹಾಫ್ ಪ್ಲೇಟ್ ಅಳತೆಯ ಚಿತ್ರಗಳಿಗೆ ಬಳಸುತ್ತಿದ್ದ ಟೆಸ್ಸಾರ್ ಮಾತ್ರ ಎರಡೂವರೆ ಸಾವಿರಕ್ಕೆ ಕೊಟ್ಟರು. ‘ಇದಕ್ಕೆ ಶಟರ್ ಇಲ್ವಲ್ಲ’ ಎಂದೆ. ‘ಕೈ ಇದ್ಯಲ್ಲ ತಮ್ಮಾ. ಕ್ಯಾಪ್ ತೆಗಿ, ಶ್ರೀರಾಮ ಅನ್ನು, ಮುಚ್ಚು. ಮೋಡ ಇದ್ರೆ ಶ್ರೀರಾಮ ಜಯರಾಮ ಅನ್ನು.’

ಟೆಸ್ಸಾರ್ ಎಂದರೆ ಜೈಸ್‌ನ ಪೌಲ್ ರುಡಾಲ್ಫ್ 1902ರಲ್ಲಿ ಕಟ್ಟಿದ ವಿನ್ಯಾಸ. ನಾಲ್ಕು ಗಾಜು, ಮೂರು ಗುಂಪು. ನನ್ನದು ಕೋಟಿಂಗ್ ಇಲ್ಲದ ಕಾಲದ್ದು. ಗಾಳಿಗೆ ತಾಗುವ ಆರು ಮೈಗಳಲ್ಲೂ ಸ್ವಲ್ಪ ಸ್ವಲ್ಪ ಬೆಳಕು ಚದುರುತ್ತದೆ. ಎದುರು ಬಿಸಿಲಿಗೆ ಹಿಡಿದರೆ ಚಿತ್ರ ಅಂಬಲಿ. ಆದರೆ ನಮ್ಮ ಏಪ್ರಿಲ್ ಬಿಸಿಲಲ್ಲಿ, ಜಗಲಿಯ ನೆರಳು ಮಸಿಯಾಗುವ ಹೊತ್ತಲ್ಲಿ, ಇದೇ ದೋಷ ನೆರಳಿನೊಳಗೆ ಸ್ವಲ್ಪ ಬೆಳಕು ಚೆಲ್ಲುತ್ತದೆ. ಎಕ್ಸ್‌ರೇ ಫಿಲ್ಮನ್ನು ಕೆಂಪು ದೀಪದಲ್ಲಿ ನಾಲ್ಕು-ಐದಕ್ಕೆ ಕತ್ತರಿಸಿಕೊಂಡು ಬಳಸುತ್ತೇನೆ. ಎರಡೂ ಕಡೆ ಬೆಳಕು ಹಿಡಿಯುವ ಎಮಲ್ಷನ್ ಲೇಪ ಇರುವುದರಿಂದ ತೊಳೆಯುವ ತಟ್ಟೆಗೆ ತಾಗಿದರೂ ಗೀರು. ಕೆಂಪು ಬಣ್ಣ ಅದಕ್ಕೆ ಕಾಣದ್ದರಿಂದ ಅಜ್ಜಿಯ ಕುಂಕುಮ ಕಪ್ಪು ಚುಕ್ಕೆಯಾಗುತ್ತದೆ. ಅಜ್ಜಿಗೆ ಅದು ಇಷ್ಟವಾಗಲಿಲ್ಲ. ನನ್ನ ಬಳಿ ಇರುವ ಅತ್ಯುತ್ತಮ ಭಾವಚಿತ್ರ ಅದೇ.

ಶಟರ್ ಇಲ್ಲದ ಈ ಲೆನ್ಸು ಒಂದು ಸಲವೂ ರಿಪೇರಿಗೆ ಹೋಗಲಿಲ್ಲ. ಕೆಡಿಸಿದವನು ನಾನೇ. ಚೆಂದ ಎಂದು ಅದರ ಹಳೆ ಚರ್ಮದ ಡಬ್ಬಿಯಲ್ಲೇ ಇಟ್ಟು, ಒಂದು ಮಳೆಗಾಲ ಊರ ಮನೆಯ ಅಟ್ಟದಲ್ಲಿ ಬಿಟ್ಟೆ. ಗಣೇಶ ಚೌತಿಗೆ ಹೋಗಿ ಟಾರ್ಚ್ ಬಿಟ್ಟು ನೋಡಿದರೆ ಹಿಂದಿನ ಗಾಜಿನ ಅಂಚಿನಿಂದ ಜೇಡರ ಬಲೆಯಂಥ ಎಳೆಗಳು. ಫಂಗಸ್. ಚರ್ಮ ಅದಕ್ಕೆ ಹಬ್ಬದೂಟ. ಬೇಗ ಕಂಡಿದ್ದರಿಂದ ಒರೆಸಿದರೆ ಹೋಯಿತು, ಆದರೂ ಅಂಚಿನಲ್ಲಿ ಗಾಜನ್ನು ತಿಂದ ಎರಡು ಗೆರೆ ಉಳಿದಿವೆ. ಈಗ ಮೂರೂ ಲೆನ್ಸು ಅಮ್ಮನ ಹಳೆ ಹಪ್ಪಳದ ಡಬ್ಬದಲ್ಲಿ, ನೀಲಿ ಸಿಲಿಕಾ ಜೆಲ್ ಜೊತೆ. ಹರಳು ಗುಲಾಬಿಯಾದಾಗ ಅಡುಗೆಗೆ ಬಳಸದ ಒಂದು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ.

ಟಾರ್ಚ್ ಪರೀಕ್ಷೆ ಬಗ್ಗೆ ಒಂದು ಮಾತು. ಎಲ್‌ಇಡಿ ಬೆಳಕಲ್ಲಿ ಹೊಸ ಲೆನ್ಸೂ ಕೊಳಕಾಗಿ ಕಾಣುತ್ತದೆ. ಧೂಳು, ಸಣ್ಣ ಒರೆಸಿದ ಗೀರುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಮುಂದಿನ ಗಾಜಿನ ಮೇಲೆ ಒಂದು ಆಳದ ಗಾಯವಿದ್ದರೂ ಅದರೊಳಗೆ ಕಪ್ಪು ಬಣ್ಣ ತುಂಬಿದರೆ ಚಿತ್ರದಲ್ಲಿ ಗೊತ್ತಾಗುವುದಿಲ್ಲ. ಎರಡು ಗಾಜು ಅಂಟಿಸಿದ ಜಾಗದಲ್ಲಿ, ಅಂಚಿನಿಂದ ಒಳಕ್ಕೆ, ಎಣ್ಣೆ ಬಿದ್ದ ನೀರಿನಂತೆ ಕಾಮನಬಿಲ್ಲು ಕಂಡರೆ ಅಂಟು ಬಿಡುತ್ತಿದೆ ಎಂದರ್ಥ. ಅದನ್ನು ಮಾತ್ರ ನಾನು ಅರ್ಧ ಬೆಲೆಗೂ ಮುಟ್ಟುವುದಿಲ್ಲ.

ಮೂರಕ್ಕೇ ಸಾಕು ಎಂದು ಮನೆಯಲ್ಲಿ ಮಾತು ಕೊಟ್ಟಿದ್ದೆ. ಹೋದ ವಾರ ಶ್ನೈಡರ್ ಆಂಗ್ಯುಲಾನ್ 90 ಎಂಎಂ ಒಂದು ಕಣ್ಣಿಗೆ ಬಿತ್ತು. ಗಾಜಿನ ಫೋಟೋ ಒಂಬತ್ತು, ಶಟರ್‌ನ ಹಿಂಭಾಗದ್ದು ಒಂದೂ ಇಲ್ಲ. ರಿಂಗ್ ಇದೆಯೇ ಎಂದು ಕೇಳಿ ಬರೆದಿದ್ದೇನೆ. ‘ಕೆಲಸ ಮಾಡುತ್ತದೆ’ ಎಂದು ಉತ್ತರ ಬಂದಿದೆ.