7200 ಆರ್‌ಪಿಎಂ ಹಾರ್ಡ್ ಡಿಸ್ಕ್: ಗದಗಿನ ಡಿಸೈನ್ ಕೆಲಸದಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಗದಗಿನ ಪ್ರಿಂಟಿಂಗ್ ಪ್ರೆಸ್‌ಗಳಿಗೆ ಡಿಸೈನ್ ಮಾಡಿಕೊಡುವುದು ನನ್ನ ಕೆಲಸ. ಲಗ್ನಪತ್ರಿಕೆ, ಕ್ಯಾಲೆಂಡರ್, ಫ್ಲೆಕ್ಸ್. ನಾನು ಲ್ಯಾಪ್‌ಟಾಪ್ ತಗೊಂಡಾಗ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನಲ್ಲೇ ಫೈಲ್ ಇಡುವ ಡ್ರೈವ್) ಭಾರಿ ದುಬಾರಿ. ಹಾಗಾಗಿ ಹಾರ್ಡ್ ಡಿಸ್ಕ್ 5400 ಆರ್‌ಪಿಎಂ (ಒಳಗಿನ ತಟ್ಟೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ) ಇರಲೋ, 7200 ಇರಲೋ ಅನ್ನುವುದಷ್ಟೇ ಪ್ರಶ್ನೆ. ಹುಬ್ಬಳ್ಳಿ ಕೊಪ್ಪಿಕರ್ ರಸ್ತೆಯ ಅಂಗಡಿಯವರು “7200 ತಗೋರಿ ಸರ, ಭಾಳ ಫಾಸ್ಟ್ ಐತಿ” ಅಂದರು. ಸ್ವಲ್ಪ ಜಾಸ್ತಿ ಕೊಟ್ಟು 1 ಟಿಬಿಯದು ತಗೊಂಡೆ.

ಫಾಸ್ಟ್ ಅನ್ನುವುದು ಸುಳ್ಳಲ್ಲ. ಆದರೆ ಯಾವುದರಲ್ಲಿ ಅಂತ ಕೇಳಬೇಕು. ದೊಡ್ಡ ಫ್ಲೆಕ್ಸ್ ಫೈಲ್ ಕಾಪಿ ಮಾಡುವಾಗ 5400ರದ್ದು ಸೆಕೆಂಡಿಗೆ 100 ಎಂಬಿ ಆಸುಪಾಸು ಕೊಟ್ಟರೆ ನನ್ನದು 130ರ ಹತ್ತಿರ ಹೋಗುತ್ತಿತ್ತು. ಡಿಸ್ಕ್ ತುಂಬುತ್ತಾ ಬಂದಂತೆ ಇದೂ ಇಳಿಯುತ್ತದೆ. ತಟ್ಟೆಯ ಹೊರಸುತ್ತು ಮೊದಲು ತುಂಬುತ್ತದೆ, ಒಳಸುತ್ತಿನಲ್ಲಿ ವೇಗ ಕಡಿಮೆ.

ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಡ್ರಾ ತೆರೆಯುವಾಗ ಮಾತ್ರ ಈ ಜೋರೆಲ್ಲ ಮಾಯ. ನಮ್ಮಂಥವರ ಮಷೀನಿನಲ್ಲಿ ನುಡಿ, ಶ್ರೀಲಿಪಿ ಅಂತ ನೂರಾರು ಫಾಂಟ್ ಇರುತ್ತವೆ, ಎಲ್ಲ ಸಣ್ಣ ಸಣ್ಣ ಫೈಲು. ಪ್ರತಿ ಫೈಲಿಗೂ ತಟ್ಟೆಯನ್ನು ಓದುವ ಹೆಡ್ ಸರಿದು ಸರಿಯಾದ ಸುತ್ತಿಗೆ ಬರಬೇಕು, ಆಮೇಲೆ ತಟ್ಟೆ ತಿರುಗಿ ಆ ಜಾಗ ಹೆಡ್ಡಿನ ಕೆಳಗೆ ಬರುವವರೆಗೆ ಕಾಯಬೇಕು. ತಿರುಗುವುದಕ್ಕೆ ಕಾಯುವ ಹೊತ್ತು 5400ರಲ್ಲಿ ಸರಾಸರಿ 5.6 ಮಿಲಿಸೆಕೆಂಡ್, 7200ರಲ್ಲಿ 4.2. ಉಳಿದಿದ್ದು 1.4. ಆದರೆ ಲ್ಯಾಪ್‌ಟಾಪ್ ಡಿಸ್ಕಿನಲ್ಲಿ ಹೆಡ್ ಸರಿಯುವುದಕ್ಕೇ 12 ಮಿಲಿಸೆಕೆಂಡ್‌ನಷ್ಟು ಬೇಕು. ಎರಡೂ ಸೇರಿಸಿ ನೋಡಿದರೆ ಹತ್ತರಲ್ಲಿ ಒಂದು ಪಾಲೂ ಉಳಿಯಲಿಲ್ಲ, ಅಲ್ವಾ?

ಶಾಖ, ಗುಂಯ್‌ಗುಟ್ಟುವ ಸದ್ದು ಎರಡೂ 7200ರಲ್ಲಿ ಜಾಸ್ತಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಕೈ ಊರುವ ಜಾಗ ಕಾಯ್ದುಬಿಡುತ್ತದೆ. ಹುಬ್ಬಳ್ಳಿ ಬಸ್ಸು ಹತ್ತುವ ಮುಂಚೆ ಪೂರ್ತಿ ಶಟ್‌ಡೌನ್ ಮಾಡುವುದು ರೂಢಿಯಾಯಿತು. ಸ್ಲೀಪ್‌ನಲ್ಲಿಟ್ಟ ಲ್ಯಾಪ್‌ಟಾಪ್ ಬ್ಯಾಗಿನೊಳಗೇ ಎಚ್ಚರಾಗಿ, ಡಿಸ್ಕ್ ತಿರುಗುವ ಹೊತ್ತಿಗೆ ಬಸ್ಸು ಗುಂಡಿಗೆ ಇಳಿದರೆ ಕಥೆ ಮುಗಿಯಿತು.

ಎಸ್‌ಎಸ್‌ಡಿ ಬೆಲೆ ಇಳಿದ ಮೇಲೆ 256 ಜಿಬಿಯದೊಂದು ಹಾಕಿಸಿದೆ. ಡಿವಿಡಿ ಡ್ರೈವ್ ತೆಗೆಸಿ ಆ ಜಾಗದಲ್ಲಿ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಇಟ್ಟು ಹಳೇ ಡಿಸ್ಕ್ ಕೂರಿಸಿದೆ. ವಿಂಡೋಸ್, ಸಾಫ್ಟ್‌ವೇರ್, ಫಾಂಟ್ ಎಸ್‌ಎಸ್‌ಡಿಯಲ್ಲಿ, ಹಳೇ ಕೆಲಸವೆಲ್ಲ ಡಿಸ್ಕಿನಲ್ಲಿ. ಅದೇ ಪ್ರೊಸೆಸರ್, ಅದೇ ರ‍್ಯಾಮ್, ಆದರೆ ಕೋರೆಲ್ ತೆರೆಯುವುದರೊಳಗೆ ಚಹಾ ಕುಡಿದು ಬರುವುದು ನಿಂತುಹೋಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಫೈಲ್ ಹುಡುಕುವುದಕ್ಕೆ 0.1 ಮಿಲಿಸೆಕೆಂಡ್ ಸಾಕು.

ಈಗ ಹೊಸ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಅದೇ ‘ಫಾಸ್ಟ್’ ಮಾತು ಬೇರೆ ಅಂಕಿಯಲ್ಲಿ ಕೇಳುತ್ತದೆ: ಹಳೇ ಬಗೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ, ಹೊಸ ಬಗೆಯ ಎನ್‌ವಿಎಂಇ ಎಸ್‌ಎಸ್‌ಡಿ 3500 ಎಂಬಿ. ಅದೂ ದೊಡ್ಡ ಫೈಲ್ ಕಾಪಿಯ ಲೆಕ್ಕವೇ. ದಿನಾ ವಿಡಿಯೋ ಎಡಿಟ್ ಮಾಡುವವರಿಗೆ ಬೇಕು. ನನ್ನಂಥವರಿಗೆ ಹೆಚ್ಚು ವೇಗದ್ದಕ್ಕಿಂತ 512 ಜಿಬಿಯ ಸಾಧಾರಣದ್ದೇ ಮೇಲು. ಹಳೇ ಫೈಲ್ ಇಡಲು ಹಾರ್ಡ್ ಡಿಸ್ಕ್ ಬೇಕೆಂದರೆ 5400ರದ್ದೇ ಸಾಕು. ತಂಪಾಗಿರುತ್ತದೆ, ಅಗ್ಗ ಕೂಡ.

ಡಿಸ್ಕ್ ಕೊಳ್ಳುವ ಮುಂಚೆ ಲ್ಯಾಪ್‌ಟಾಪಿನಲ್ಲಿ 2.5 ಇಂಚಿನ ಡಿಸ್ಕಿಗೆ ಜಾಗ ಇದೆಯಾ ಅಂತ ನೋಡಿ, ತೆಳು ಮಾಡೆಲ್‌ಗಳಲ್ಲಿ ಇರುವುದೇ ಇಲ್ಲ. ಇದ್ದರೂ ಕೆಲವಕ್ಕೆ 7 ಮಿ.ಮೀ. ದಪ್ಪದ್ದು ಮಾತ್ರ ಹಿಡಿಸುತ್ತದೆ. ನನ್ನ 7200ರದ್ದು 9.5 ಮಿ.ಮೀ., ಅಂಥದಕ್ಕೆ ಹೊರಗಿನಿಂದ ಜೋಡಿಸುವ ಯುಎಸ್‌ಬಿ ಕೇಸೇ ಗತಿ.