ಒಂದೇ ಸಿನಿಮಾ, ಎರಡು ಡಿಸ್ಕ್: ‘ವಿಚ್‌ಫೈಂಡರ್ ಜನರಲ್’ ಕೊಳ್ಳುವ ಮುಂಚೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಾಲ್ ಫೆರಿಸ್ ಮಾಡಿದ ಮೂಲ ಸಂಗೀತ ಇರುವ ಡಿಸ್ಕಿಗೆ. ಇನ್ನೊಂದು ಡಿಸ್ಕಿನ ಡಬ್ಬಿ ಈಗ ನನ್ನ ಕಾಫಿ ಲೋಟ ಇಡುವುದಕ್ಕೆ ಬಳಕೆಯಾಗುತ್ತಿದೆ.

ಇದು 1968ರ ಬ್ರಿಟಿಷ್ ಸಿನಿಮಾ. ನಿರ್ದೇಶಕ ಮೈಕೆಲ್ ರೀವ್ಸ್. ಆಗ ಅವನಿಗೆ 24 ವರ್ಷ, ಮುಂದಿನ ವರ್ಷವೇ ತೀರಿಕೊಂಡ. ಕಥೆ 1645ರ ಇಂಗ್ಲೆಂಡಿನದು. ಅಂತರ್ಯುದ್ಧದ ಗಲಾಟೆಯಲ್ಲಿ ಮ್ಯಾಥ್ಯೂ ಹಾಪ್ಕಿನ್ಸ್ ಅನ್ನುವವನು ಊರೂರು ತಿರುಗಿ, ದುಡ್ಡು ತಗೊಂಡು ‘ಮಾಟಗಾತಿ’ಯರನ್ನು ಹಿಡಿದುಕೊಡುತ್ತಾನೆ. ಇವನು ನಿಜವಾಗಿ ಇದ್ದವನೇ.

ಮೊದಲು ಕೊಂಡಿದ್ದು ಸೆಕೆಂಡ್ ಹ್ಯಾಂಡ್, 450 ರೂಪಾಯಿ. ಅಮೆರಿಕದ ಹಳೇ ವಿಡಿಯೊ ಟೇಪಿನಿಂದ ಇಳಿಸಿದ್ದು. ಮೇಲೆ ‘ದಿ ಕಾಂಕರರ್ ವರ್ಮ್’ ಅಂತ ಹೆಸರು. ಅಲ್ಲಿ ಬಿಡುಗಡೆ ಮಾಡುವಾಗ ಅಮೆರಿಕದ ಕವಿ ಎಡ್ಗರ್ ಅಲನ್ ಪೋ ಬರೆದ ಪದ್ಯವೊಂದರ ಹೆಸರಿಟ್ಟು, ಹಾಪ್ಕಿನ್ಸ್ ಪಾತ್ರ ಮಾಡಿದ ವಿನ್ಸೆಂಟ್ ಪ್ರೈಸ್ ಬಾಯಲ್ಲಿ ಅದರ ಸಾಲುಗಳನ್ನೂ ಓದಿಸಿದ್ದರು. ಕಥೆಗೂ ಪದ್ಯಕ್ಕೂ ಏನೂ ಸಂಬಂಧವಿಲ್ಲ. ಅದನ್ನಾದರೂ ಸಹಿಸಿಕೊಳ್ಳಬಹುದು.

ಸಹಿಸಲಾಗದ್ದು ಸಂಗೀತ. ಸಿನಿಮಾ ಶುರುವಾಗುವುದು ಒಳ್ಳೇ ಬಿಸಿಲಿನಲ್ಲಿ. ಹಸಿರು ಬಯಲು, ಕುರಿಗಳು, ಎಲ್ಲೋ ಸುತ್ತಿಗೆ ಬಡಿಯುವ ಸದ್ದು. ಯಾರೋ ಕೊಟ್ಟಿಗೆ ರಿಪೇರಿ ಮಾಡುತ್ತಿರಬೇಕು ಅನ್ನಿಸುತ್ತದೆ. ಆಮೇಲೆ ನೋಡಿದರೆ ಅದು ನೇಣುಗಂಬ. ಕಿರುಚುತ್ತಿರುವ ಹೆಂಗಸೊಬ್ಬಳನ್ನು ದರದರ ಎಳೆದು ತಂದು ನೇತುಹಾಕುತ್ತಾರೆ. ದೂರದಲ್ಲಿ ಬಿಳಿ ಕುದುರೆ ಮೇಲೆ ಕೂತು ಹಾಪ್ಕಿನ್ಸ್ ಸುಮ್ನೆ ನೋಡುತ್ತಿರುತ್ತಾನೆ. ಇಷ್ಟಾದ ಮೇಲೆ ಹೆಸರುಗಳ ಜೊತೆ ಫೆರಿಸ್ ಸಂಗೀತ ಬರಬೇಕು. ಇಂಗ್ಲಿಷ್ ಜನಪದ ಹಾಡಿನ ಧಾಟಿ, ಕೇಳಲು ಹಿತ. ಆ ಹಿತಕ್ಕೇ ಹೊಟ್ಟೆಯೊಳಗೆ ಕಿವುಚಿದಂತಾಗುವುದು.

ನನ್ನ ಡಿಸ್ಕಿನಲ್ಲಿ ಆ ಜಾಗದಲ್ಲಿ ಕೀಬೋರ್ಡ್! 17ನೇ ಶತಮಾನದ ಸಿಪಾಯಿ ಕುದುರೆ ಓಡಿಸುತ್ತಿದ್ದರೆ ಹಿಂದೆ ಮದುವೆ ಮನೆ ಆರ್ಕೆಸ್ಟ್ರಾದವರು ಮೈಕ್ ಟೆಸ್ಟ್ ಮಾಡುತ್ತಿರುವ ಹಾಗೆ. ನಾನು ಸಿನಿಮಾ ನೋಡುವುದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು. ಇಪ್ಪತ್ತು ನಿಮಿಷ ಹೆಡ್‌ಫೋನೇ ಕೆಟ್ಟಿರಬೇಕು ಅಂದುಕೊಂಡೆ. ತಂತಿ ಅಲ್ಲಾಡಿಸಿದೆ, ತೂತಿಗೆ ಊದಿದೆ. ಆಮೇಲೆ ತಿಳಿಯಿತು. 1980ರ ದಶಕದಲ್ಲಿ ಅಮೆರಿಕದಲ್ಲಿ ಟೇಪ್ ತಂದಾಗ ಮೂಲ ಸಂಗೀತದ ಹಕ್ಕು ಸಿಕ್ಕಿರಲಿಲ್ಲ, ಅದಕ್ಕೇ ಹೊಸದಾಗಿ ಸಿಂಥಸೈಜರ್ ಬಾರಿಸಿ ತುಂಬಿಸಿದ್ದರು. ಮಾರಿದವನನ್ನು ಕೇಳಿದರೆ “ಸಿನಿಮಾ ಅದೇ ಅಲ್ವಾ ಸಾರ್” ಅಂದ.

ಅದೇ ಅಲ್ಲ. ಈ ಚಿತ್ರದಲ್ಲಿ ಪ್ರೈಸ್ ತನ್ನ ಮಾಮೂಲಿ ನಾಟಕೀಯ ಗತ್ತನ್ನೆಲ್ಲ ಬಿಟ್ಟು ತಣ್ಣಗೆ ಮಾತಾಡುತ್ತಾನೆ. ಅದನ್ನು ಬಿಡಿಸುವುದಕ್ಕೆ ರೀವ್ಸ್ ಅವನ ಜೊತೆ ಶೂಟಿಂಗ್ ಉದ್ದಕ್ಕೂ ಜಗಳವಾಡಿದ್ದ. ಅಷ್ಟು ಕಷ್ಟಪಟ್ಟು ತಗ್ಗಿಸಿದ ದನಿಯ ಹಿಂದೆ ಕೀಬೋರ್ಡ್ ಕುಂಯ್‌ಗುಟ್ಟಿದರೆ ಹೇಗಿರುತ್ತದೆ ಹೇಳಿ.

ಎರಡನೆಯದು ಬ್ರಿಟನ್ನಿನ ಬ್ಲೂ-ರೇ, ಅಂಚೆ ಖರ್ಚು ಸೇರಿ ಮೊದಲಿನದಕ್ಕಿಂತ ಆರು ಪಟ್ಟು. ಹಸಿರು ಹಸಿರಾಗಿಯೇ ಕಾಣುತ್ತದೆ. ಫೆರಿಸ್ ವಾಪಸ್ ಬಂದಿದ್ದಾನೆ. ಕೊನೆಯಲ್ಲಿ ಕೋಟೆಯೊಳಗೆ ನಾಯಕಿ ಸಾರಾ ಕಿರುಚುವುದು ನಿಲ್ಲುವುದೇ ಇಲ್ಲವಲ್ಲ, ಆ ದನಿ ಹೆಡ್‌ಫೋನಿನಲ್ಲಿ ಕೇಳಿದ ಮೇಲೆ ಲೈಟ್ ಹಾಕಿಕೊಂಡೇ ಮಲಗಿದೆ.

ಇದಕ್ಕೂ ಒಂದು ಕಿರಿಕಿರಿ ಇದೆ. ಬ್ಲೂ-ರೇ ಲೆಕ್ಕದಲ್ಲಿ ಬ್ರಿಟನ್ ‘ಬಿ’ ವಲಯ, ನಮ್ಮದು ‘ಸಿ’. ಒಂದು ವಲಯಕ್ಕೆ ಬೀಗ ಹಾಕಿದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡುವುದಿಲ್ಲ. ನಮ್ಮನೆ ಪ್ಲೇಯರ್ ಮುಟ್ಟಲೇ ಇಲ್ಲ. ಗೆಳೆಯನ ಪ್ಲೇಯರ್ ಎರವಲು ತಂದೆ, ಇನ್ನೂ ವಾಪಸ್ ಕೊಟ್ಟಿಲ್ಲ.

ಇತಿಹಾಸ ಬೇಕು ಅಂದರೆ ಎರಡರಲ್ಲೂ ಅಷ್ಟಕ್ಕಷ್ಟೇ. ಚಿತ್ರದಲ್ಲಿ ಲ್ಯಾವೆನಮ್ ಊರಿನ ಚೌಕದಲ್ಲಿ ಹೆಂಗಸನ್ನು ಏಣಿಗೆ ಕಟ್ಟಿ ಬೆಂಕಿಗೆ ಇಳಿಸುತ್ತಾರೆ. ಇಂಗ್ಲೆಂಡಿನಲ್ಲಿ ಮಾಟಕ್ಕೆ ಶಿಕ್ಷೆ ನೇಣು, ಸುಡುವುದಲ್ಲ. ನಿಜವಾದ ಹಾಪ್ಕಿನ್ಸ್ ಇಪ್ಪತ್ತರ ಹರೆಯದವನು, 1647ರಲ್ಲಿ ಕಾಯಿಲೆ ಬಿದ್ದು ಸತ್ತ. ಚಿತ್ರ ಮಾಡುವಾಗ ಪ್ರೈಸ್‌ಗೆ 56 ವರ್ಷ.

ಇದೇ ದುಡ್ಡಿಗೆ 1970ರ ಜರ್ಮನ್ ಚಿತ್ರ ‘ಮಾರ್ಕ್ ಆಫ್ ದಿ ಡೆವಿಲ್’ ತಗೋಬಹುದಿತ್ತಲ್ಲ ಅಂತ ಗೆಳೆಯ ಕೇಳಿದ. ಅದನ್ನೂ ನೋಡಿದೆ. ಅಮೆರಿಕದ ಥಿಯೇಟರುಗಳಲ್ಲಿ ಅದಕ್ಕೆ ಟಿಕೆಟ್ ಜೊತೆ ವಾಂತಿ ಚೀಲ ಹಂಚಿದ್ದರು. ಹಿಂಸೆ ಜಾಸ್ತಿ, ಭಯ ಕಮ್ಮಿ. ಊಟ ಆದ ಮೇಲೆ ನೋಡುವ ನನ್ನಂಥವರಿಗೆ ಬೇಡ.

ವರ್ಷಕ್ಕೆ ಎರಡೋ ಮೂರೋ ಡಿಸ್ಕ್ ಕೊಳ್ಳುವವನು ನಾನು. ಹಾಗಾಗಿ ದುಬಾರಿಯದ್ದೇ ನನಗೆ ಸರಿ. ಟೀವಿ ಸ್ಪೀಕರಿನಲ್ಲೇ, ಫ್ಯಾನ್ ಸದ್ದಿನ ನಡುವೆ ನೋಡುವವರಾದರೆ ನಿಮಗೆ ಅಷ್ಟು ವ್ಯತ್ಯಾಸ ಗೊತ್ತಾಗಲಿಕ್ಕಿಲ್ಲ. ಆದರೂ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹೆಸರು ಬರುವ ಜಾಗ ಹಾಕಿಸಿ ಒಮ್ಮೆ ಕೇಳಿ. ಕೀಬೋರ್ಡ್ ಬಂದರೆ ಅಲ್ಲೇ ಬಿಟ್ಟು ಬನ್ನಿ. ಇಲ್ಲ, ಅದೇ ಬೇಕು ಅನ್ನುವವರಿದ್ದರೆ ನನ್ನದು 200ಕ್ಕೆ ಕೊಡುತ್ತೇನೆ, ಕಾಫಿ ಕಲೆ ಸಮೇತ.