ವಾಲುವ ದೋಣಿ, ಮೆತ್ತಗಾದ ನೆಲ: ಎಲ್ಲವನ್ನೂ ಮಾಡಿ ನೋಡಿದ ಮೇಲೆ

ಅಕ್ಕಿ ಚೀಲದಿಂದಲೇ ಶುರು ಮಾಡುತ್ತೇನೆ. ಸೋನಾ ಮಸೂರಿ, 20 ಪೌಂಡಿನದು, ಆರು ಚೀಲ. ಅಂದರೆ 54 ಕೆ.ಜಿ. ನನ್ನ 26 ಅಡಿ ಹಾಯಿದೋಣಿಯ ಮೂತಿಯಲ್ಲಿ, ಹಾಸಿಗೆಯ ಕೆಳಗೆ ಆರನ್ನೂ ಜೋಡಿಸಿಟ್ಟು ಟೆಕ್ಸಸ್‌ನ ಆಸ್ಟಿನ್ ಪಕ್ಕದ ಲೇಕ್ ಟ್ರಾವಿಸ್ ಕೆರೆಯಲ್ಲಿ ಒಂದು ಶನಿವಾರ ಪೂರ್ತಿ ತಿರುಗಿದೆ. ಕಾರಣ ಇಷ್ಟೇ: ದೋಣಿ ಹಿಂದಕ್ಕೆ ಕುಸಿದು, ಮೂತಿ ಎತ್ತಿ, ಎಡಕ್ಕೆ ವಾಲಿಕೊಂಡು ನಿಲ್ಲುತ್ತಿತ್ತು. ಸಾಲದ್ದಕ್ಕೆ ಕ್ಯಾಬಿನ್ ಒಳಗೆ ಏಣಿ ಇಳಿದ ಕೂಡಲೇ ಎಡಗಡೆಯ ನೆಲ ಹಳೇ ಹತ್ತಿಹಾಸಿಗೆಯ ಮೇಲೆ ಕಾಲಿಟ್ಟ ಹಾಗೆ ಒಳಕ್ಕೆ ಹೋಗುತ್ತಿತ್ತು.

ಇದು ನೀರನ್ನೇ ಭಾರವಾಗಿ ಬಳಸುವ ದೋಣಿ. ಮಾಮೂಲಿ ಹಾಯಿದೋಣಿಗೆ ತಳದಲ್ಲಿ ಸೀಸವೋ ಕಬ್ಬಿಣವೋ ಇರುತ್ತೆ. ಇದಕ್ಕೆ ನೆಲದಡಿ ಸುಮಾರು 550 ಲೀಟರ್ ಹಿಡಿಯುವ ಟ್ಯಾಂಕು. ಹಿಂದುಗಡೆ ವಾಲ್ವ್, ಮುಂದುಗಡೆ ಗಾಳಿ ಹೋಗಲು ತೂತು. ಕೆರೆಗೆ ಇಳಿಸಿ ವಾಲ್ವ್ ತೆಗೆದರೆ ತುಂಬಿಕೊಳ್ಳುತ್ತೆ, ಟ್ರೇಲರ್ ಮೇಲೆ ಎಳೆಯುವಾಗ ಖಾಲಿಯಾಗುತ್ತೆ. ಅರ್ಧ ಟನ್ ಭಾರವನ್ನು ಹೆದ್ದಾರಿಯಲ್ಲಿ ಎಳೆಯೋ ಕೆಲಸವಿಲ್ಲ. 1980-90ರ ದಶಕಗಳಲ್ಲಿ ಮ್ಯಾಕ್‌ಗ್ರೆಗರ್, ಹಂಟರ್, ಕ್ಯಾಟಲಿನಾ ಮೂವರೂ ಇಂಥವನ್ನು ಮಾಡಿದರು. ನನ್ನದು ಯಾರದ್ದು ಅನ್ನೋದು ಮುಖ್ಯವಲ್ಲ. ಮೂರನೇ ಕೈ ಮಾಲು, ವಯಸ್ಸಿನಲ್ಲಿ ನನ್ನ ಮಗಳಿಗಿಂತ ದೊಡ್ಡದು.

ವಾಲು ಸರಿಮಾಡಲು ಮೊದಲ ದಾರಿ ಮೂತಿಗೆ ಭಾರ ಹೇರುವುದು, ಅದೇ ಅಕ್ಕಿ. ಅದರ ಫಲಿತಾಂಶ: ಜೆಟ್ಟಿಗೆ ಕಟ್ಟಿ ನಿಲ್ಲಿಸಿದಾಗ ಮೂತಿ ಇಳಿದು ದೋಣಿ ಅಂದವಾಗಿ ಮಟ್ಟಸವಾಯಿತು. ಆಚೆ ಹೋದ ಮೇಲೆ ಕಥೆ ಬೇರೆ. ಟ್ರಾವಿಸ್‌ನಲ್ಲಿ ವಾರಾಂತ್ಯಕ್ಕೆ ಮೋಟಾರು ದೋಣಿಗಳ ಜಾತ್ರೆ. ಅವು ಎಬ್ಬಿಸಿದ ಪ್ರತಿ ಅಲೆಗೂ ನಮ್ಮ ಮೂತಿ ಕೆಳಕ್ಕೆ ಹೋಗಿ ಏಳಲು ಸೋಮಾರಿತನ ಮಾಡುತ್ತಿತ್ತು. ಭಾರವನ್ನು ತುದಿಯಲ್ಲಿ ಇಟ್ಟರೆ ದೋಣಿ ತಲೆಯಾಡಿಸುತ್ತೆ, ಬೇಗ ನಿಲ್ಲಿಸುವುದಿಲ್ಲ. ಜೋರಾಗಿ ವಾಲಿದಾಗ ಎರಡು ಚೀಲ ಎಡಕ್ಕೆ ಜಾರಿ ಕೂತವು. ಮರಳು ಚೀಲ, ಸೀಸದ ಗುಂಡು ಇಡುವವರ ಪಾಡೂ ಇದೇ. ಎಳೆಯಲು ಹಗುರ ಅಂತ ಈ ದೋಣಿ ಕೊಂಡು ಆಮೇಲೆ ಸೀಸ ತುಂಬುವುದು, ಹೊಳೆ ದಾಟಲು ದೋಣಿ ಕಟ್ಟಿ ಆಮೇಲೆ ಅದನ್ನು ತಲೆ ಮೇಲೆ ಹೊತ್ತ ಹಾಗೆ. ಆದರೂ ಒಂದು ಸುಳಿವು ಸಿಕ್ಕಿತು: ಮುಂದುಗಡೆ ಎಲ್ಲೋ ಐವತ್ತರವತ್ತು ಕಿಲೋ ಕಮ್ಮಿ ಇದೆ.

ಎರಡನೇ ದಾರಿ, ಸಾಮಾನು ಸರಿಸುವುದು. ಇದಕ್ಕೆ ಮೊದಲು ಅಳೆಯಬೇಕು. ಊರಲ್ಲಿ ಗಾರೆ ಕೆಲಸದವರು ಪಾರದರ್ಶಕ ಪೈಪಿಗೆ ನೀರು ತುಂಬಿ ಗೋಡೆಯ ಮಟ್ಟ ನೋಡುತ್ತಾರಲ್ಲ, ಅದನ್ನೇ ತಂದೆ. ಎರಡೂ ಕಡೆ ಒಂದೇ ಎತ್ತರದ ಗುರುತಿಗೆ ಪೈಪಿನ ತುದಿ ಅಂಟಿಸಿ, ಗಾಳಿಯಿಲ್ಲದ ಬೆಳಿಗ್ಗೆ ನಟ್ಟನಡುವೆ ಅಲ್ಲಾಡದೆ ಕೂತೆ. ಎಡ-ಬಲಕ್ಕೆ 6 ಸೆಂ.ಮೀ. ವ್ಯತ್ಯಾಸ. ಫೋನಿನ ಆ್ಯಪ್ ಪ್ರತಿ ಸಲ ಬೇರೆ ಬೇರೆ ಸಂಖ್ಯೆ ತೋರಿಸುತ್ತಿತ್ತು. ಪೈಪು ಸುಳ್ಳು ಹೇಳಲಿಲ್ಲ. ಎಡಗಡೆ ಹಿಂದಿನ ಸೀಟಿನಡಿ ಇದ್ದ 24 ಕಿಲೋದ ಎರಡು ಬ್ಯಾಟರಿಗಳನ್ನು ಏಣಿಯ ಮುಂದೆ ನಡುಗೆರೆಗೆ ತಂದು ಪಟ್ಟಿಯಿಂದ ಬಿಗಿದೆ. ತಂತಿ ಉದ್ದವಾದ್ದರಿಂದ ದಪ್ಪ ತಂತಿ ಹಾಕಬೇಕಾಯಿತು. ಖರ್ಚು ಅಷ್ಟೇ. 6 ಇದ್ದದ್ದು 4ಕ್ಕೆ ಇಳಿಯಿತು. ಒಳ್ಳೇದೇ, ಆದರೆ ನಾನು ಲೆಕ್ಕ ಹಾಕಿದ್ದಕ್ಕಿಂತ ಕಮ್ಮಿ.

ಮೂರನೇದು ಟ್ಯಾಂಕನ್ನು ಸರಿಯಾಗಿ ತುಂಬಿಸುವುದು. ಕೇಳಿದರೆ ನಗು ಬರುತ್ತೆ, ಆದರೆ ನಾಲ್ಕು ವರ್ಷ ನಾನು ತಪ್ಪಾಗಿಯೇ ತುಂಬಿಸುತ್ತಿದ್ದೆ. ಗಾಳಿತೂತಿನ ಮುಚ್ಚಳ ತೆಗೆದು ಪೊರಕೆ ಕಡ್ಡಿ ಇಳಿಸಿದೆ. ನೀರು 7 ಸೆಂ.ಮೀ. ಕೆಳಗೆ ಸಿಕ್ಕಿತು. ಟ್ಯಾಂಕಿನೊಳಗಿನ ನೀರು ಹೊರಗಿನ ಕೆರೆಯ ಮಟ್ಟಕ್ಕಿಂತ ಮೇಲೇರಲು ಸಾಧ್ಯವೇ ಇಲ್ಲ. ನಾನೋ ವಾಲ್ವ್ ತೆಗೆಯಲು ಹಿಂದೆ ಕೂತಿರುತ್ತಿದ್ದೆ, ಜೊತೆಗೆ ಮೋಟಾರು, ಪೆಟ್ರೋಲು. ಹಿಂಬದಿ ಕುಸಿದು ಟ್ಯಾಂಕಿನ ಮುಂದಿನ ಭಾಗ ಕೆರೆಯ ಮಟ್ಟಕ್ಕಿಂತ ಮೇಲೆದ್ದು ನಿಲ್ಲುತ್ತಿತ್ತು. ಅಲ್ಲಿಗೆ ನೀರು ಹೋಗುವುದು ಹೇಗೆ?

ಮುಂದಿನ ಸಲ ಮಗಳನ್ನೂ ಇಬ್ಬರು ಗೆಳೆಯರನ್ನೂ ಮೂತಿಯಲ್ಲಿ ಕೂರಿಸಿ ವಾಲ್ವ್ ತೆಗೆದೆ. ತೂತಿನಿಂದ ಗಾಳಿ ಬುಸುಗುಡುವುದು ನಿಲ್ಲುವವರೆಗೆ ಕಾದು ಎರಡನ್ನೂ ಮುಚ್ಚಿದೆ. ಕಡ್ಡಿಗೆ ಈಗ ಒಂದೂವರೆ ಸೆಂ.ಮೀ.ಗೇ ನೀರು. ಅವರು ಹಿಂದಕ್ಕೆ ಬಂದ ಮೇಲೂ ಮೂತಿ ಮೊದಲಿನ ಹಾಗೆ ಎದ್ದು ನಿಲ್ಲಲಿಲ್ಲ. ಎಡದ ವಾಲು ತಾನಾಗಿಯೇ 1 ಸೆಂ.ಮೀ.ಗೆ ಬಂತು. ಅರ್ಧ ಕೊಡ ತುಳುಕಿದರೆ ಸೊಂಟ ಒದ್ದೆಯಾಗುತ್ತೆ, ಅಷ್ಟೇ. ತುಂಬದ ಟ್ಯಾಂಕು ತುಳುಕಿದರೆ ನೀರು ವಾಲಿದ ಕಡೆಗೇ ಓಡಿ ದೋಣಿಯನ್ನು ಇನ್ನಷ್ಟು ವಾಲಿಸುತ್ತೆ. ಗಾಳಿ ಜೋರಿದ್ದ ದಿನ ನಾವು ಮಗುಚಿಕೊಳ್ಳಲಿಲ್ಲ ಅನ್ನೋದನ್ನು ಈಗ ನೆನೆದರೆ ಬೆವರುತ್ತೇನೆ. ಹೀಗಾಗಿ ಮೂರರಲ್ಲಿ ದುಡ್ಡಿಲ್ಲದ್ದೇ ಗೆದ್ದಿತು. ಬ್ಯಾಟರಿ ಸರಿಸಿದ್ದು ಅದರ ಬೆನ್ನಿಗೆ. ಮೂತಿಭಾರ ಬೇಡವೇ ಬೇಡ.

ಇನ್ನು ನೆಲ. ನಿಜ ಹೇಳಬೇಕೆಂದರೆ ನಾನು ಮೊದಲು ಕೈಹಾಕಿದ್ದು ನೆಲಕ್ಕೇ, ಅದೇ ಎಡವಟ್ಟಾಗಿದ್ದು. ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಪ್ಲೈವುಡ್ ಕೋರ್, ಅಂದರೆ ತಿರುಳು. ಕೆಳಗಿನ ಪದರವೇ ಟ್ಯಾಂಕಿನ ಸೂರು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ಇದ್ದಲ್ಲಿ ಟಕ್ ಟಕ್, ಕೊಳೆತಲ್ಲಿ ಡಬ್. ಡಬ್ ಅಂದ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆದೆ.

ಸುಲಭದ ದಾರಿ ಇಂಜೆಕ್ಷನ್. ಎರಡಿಂಚಿಗೊಂದು ತೂತು ಕೊರೆದು ತೆಳು ಎಪಾಕ್ಸಿಯನ್ನು (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಸಿರಿಂಜಿನಲ್ಲಿ ಬಿಡುವುದು. ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳಕ್ಕೆ ಮಿತಿ ಹಾಕದಿದ್ದರೆ ಟ್ಯಾಂಕೇ ತೂತು. ಒಂದು ಮಧ್ಯಾಹ್ನದ ಕೆಲಸ. ಮಾರನೇ ದಿನ ನೆಲ ಕಲ್ಲಿನ ಹಾಗೆ. ಹಿಗ್ಗಿದೆ. ಮೂರು ತಿಂಗಳಿಗೆ ಮತ್ತೆ ಮೆತ್ತಗೆ. ಆಮೇಲೆ ಬಿಚ್ಚಿದಾಗ ಕಂಡದ್ದು: ಕಪ್ಪಗೆ, ಹಳಸಿದ ಗೊಬ್ಬರದ ವಾಸನೆಯ ಒದ್ದೆ ಮರ, ಅದರ ನಡುವೆ ಮೊಳೆ ಹೊಡೆದ ಹಾಗೆ ಎಪಾಕ್ಸಿಯ ಒಂಟಿ ಕಂಬಗಳು. ಒದ್ದೆ ಮರಕ್ಕೆ ಎಪಾಕ್ಸಿ ಹಿಡಿಯುವುದಿಲ್ಲ. ತೂತಿನ ಸುತ್ತ ಒಂದು ಬೆರಳಗಲ ಹರಡಿ ನಿಂತಿತ್ತು. ಅಂಗೈಯಗಲದ, ಪೂರ್ತಿ ಒಣಗಿದ ಜಾಗವಾದರೆ ಇಂಜೆಕ್ಷನ್ ಸಾಕು ಅಂತ ಈಗಲೂ ಅನ್ನುತ್ತೇನೆ. ಅದಕ್ಕಿಂತ ದೊಡ್ಡದಾದರೆ ಮನಸ್ಸಮಾಧಾನ ಮಾತ್ರ.

ಬಿಚ್ಚುವ ಮೊದಲು ನೀರು ಬರುತ್ತಿರೋದು ಎಲ್ಲಿಂದ ಅಂತ ಹುಡುಕಬೇಕಿತ್ತು. ಸಮುದ್ರವಾದರೆ ನಾಲಿಗೆಗೆ ಇಟ್ಟು ನೋಡಬಹುದು, ಉಪ್ಪಾದರೆ ಹೊರಗಿನದು. ಕೆರೆ ನೀರಿಗೆ ಆ ಭಾಗ್ಯವಿಲ್ಲ. ಕೇಸರಿಬಾತಿಗೆ ಹಾಕುವ ಬಣ್ಣವನ್ನು ಟ್ಯಾಂಕಿಗೆ ಸುರಿದು, ಕ್ಯಾಬಿನ್ ಉದ್ದಕ್ಕೂ ಟಿಶ್ಯೂ ಅಂಟಿಸಿ ಒಂದು ಸುತ್ತು ಹೋಗಿ ಬಂದೆವು. ಗಾಳಿತೂತಿನ ಕೆಳಗಿನ ಟಿಶ್ಯೂ ಕೇಸರಿ! ಮುಚ್ಚಳದ ರಬ್ಬರ್ ಗಟ್ಟಿಯಾಗಿ ಸೀಳಿತ್ತು. ದೋಣಿ ವಾಲಿದಾಗಲೆಲ್ಲ ಒಂದು ಲೋಟ ನೀರು ಚಿಮ್ಮಿ ಹಿಂದಕ್ಕೆ, ಎಡಕ್ಕೆ ಹರಿದು ಏಣಿಯ ಬುಡದಲ್ಲಿ ನಿಲ್ಲುತ್ತಿತ್ತು. ಅಲ್ಲಿ ಹಳೇ ಮಾಲೀಕರೊಬ್ಬರು ಹೊಡೆದ ನಾಲ್ಕು ಸ್ಕ್ರೂ ತೂತುಗಳಿದ್ದವು. ಅಂದರೆ ದೋಣಿ ಮಟ್ಟಸವಾಗಿ ನಿಂತಿದ್ದರೆ ನೀರು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ರಬ್ಬರ್ ಉಂಗುರದ ಬೆಲೆ ಎರಡು ಡಾಲರ್.

ಆಮೇಲೆ ದೊಡ್ಡ ಕೆಲಸ. ಮೇಲಿನ ಪದರವನ್ನಷ್ಟೇ ಕತ್ತರಿಸಿ ಎತ್ತಿ, ಕೊಳೆತದ್ದನ್ನು ಉಳಿಯಿಂದ ಕೆರೆದು, ಮನೆಮುಂದೆ ಟ್ರೇಲರ್ ಮೇಲೆ ಮೂರು ವಾರ ಫ್ಯಾನ್ ಹಾಕಿ ಒಣಗಿಸಿದೆ. ಹೊಸ ಕೋರ್‌ಗೆ ಎಡಕ್ಕೆ ಮರೀನ್ ಪ್ಲೈವುಡ್, ಬಲಕ್ಕೆ ಪಿವಿಸಿ ಫೋಮ್ (ಗಟ್ಟಿ ಪ್ಲಾಸ್ಟಿಕ್ ನೊರೆಯ ಹಲಗೆ) ಹಾಕಿದೆ, ಹೋಲಿಸಿ ನೋಡೋಣ ಅಂತ. ಫೋಮ್ ಪ್ಲೈವುಡ್‌ಗಿಂತ ಎಷ್ಟೋ ಹಗುರ, ಕೊಳೆಯುವುದಿಲ್ಲ, ಅಡುಗೆಮನೆ ಚಾಕುವಿನಿಂದ ಕತ್ತರಿಸಬಹುದು. ಎರಡು ಸೀಸನ್ ಆದಮೇಲೆ ಓಡಾಡಲು ಎರಡೂ ಒಂದೇ ಥರ. ಆದರೆ ಏಣಿಯ ಬಲಗಾಲು ಊರುವಲ್ಲಿ ಫೋಮ್ ಕಡೆ ಕಾಸಿನಗಲದ ಕುಳಿ ಬಿದ್ದಿದೆ. ಸ್ಕ್ರೂವನ್ನಂತೂ ಅದು ಹಿಡಿಯುವುದೇ ಇಲ್ಲ. ಮತ್ತೆ ಮಾಡುವುದಾದರೆ ಇಡೀ ನೆಲಕ್ಕೆ ಫೋಮ್, ಏಣಿಕಾಲು ಮತ್ತು ಮೇಜಿನ ಕಾಲಿನ ಕೆಳಗೆ ಮಾತ್ರ ಪ್ಲೈವುಡ್ ತುಂಡು.

ಟೆಕ್ಸಸ್ ಬೇಸಿಗೆಗೆ ಎಪಾಕ್ಸಿಯನ್ನು ನಿಧಾನವಾಗಿ ಗಟ್ಟಿ ಮಾಡುವ ಹಾರ್ಡನರನ್ನೇ ತನ್ನಿ. ಬೇಗ ಗಟ್ಟಿಯಾಗುವುದನ್ನು ತಂದ ದಿನ ಎಪಾಕ್ಸಿ ಬೆರೆಸಿದ ಲೋಟ ಕೈಯಲ್ಲೇ ಹೊಗೆಯಾಡಿ ಕರಗಿತು. ಅಂಟಿಸಲು ಸಿಲಿಕಾ ಪುಡಿ ಬೆರೆಸಿ ಬೋಂಡಾ ಹಿಟ್ಟಿನ ಹದಕ್ಕೆ ತರಬೇಕು, ಆಮೇಲೆ ಮೇಲಿನಿಂದ ಒಂದೇ ಸಮನೆ ಒತ್ತಡ ಬೇಕು. ಮತ್ತೆ ಅದೇ ಆರು ಚೀಲ ಬಂದವು. ಐದರ ಕೆಳಗೆ ಪಾಲಿಥೀನ್ ಹಾಸಿದ್ದೆ. ಆರನೇದರ ಕೆಳಗೆ ಅದು ಸರಿದಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಚೀಲ ದೋಣಿಯ ಭಾಗವೇ ಆಗಿಹೋಗಿದೆ. ಬ್ಲೇಡಿನಿಂದ ಕೊಯ್ದು ತೆಗೆದೆ. ಆ ಅಕ್ಕಿಯನ್ನು ಮನೆಯಲ್ಲಿ ಯಾರೂ ಉಣ್ಣಲು ಒಪ್ಪಲಿಲ್ಲ. ಚೀಲದ ನೇಯ್ಗೆಯ ಅಚ್ಚು ನೆಲದಲ್ಲಿ ಹಾಗೇ ಇದೆ, ಕಾಲು ಜಾರದಂತೆ ತಡೆಯುತ್ತೆ ಅಂತ ಉಜ್ಜದೆ ಬಿಟ್ಟಿದ್ದೇನೆ.